ನಾಟಿಲಸ್: ಧ್ರುವದಡಿಯ ನಾಲ್ಕು ದಿನ, ಉಳಿದ ಇಪ್ಪತ್ತೈದು ವರ್ಷ

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆಯಲಾಗಿದೆ; ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಉಳಿಸಿಕೊಳ್ಳಲಾಗಿದೆ.)

ಮಾನ್ಯ ಅಧ್ಯಕ್ಷರೆ, ಸಭಿಕ ಮಿತ್ರರೆ,

ಅಮೆರಿಕದ ನೌಕಾಪಡೆಯ ನಾಟಿಲಸ್ ಜಗತ್ತಿನ ಮೊದಲ ಪರಮಾಣು ಚಾಲಿತ ಜಲಾಂತರ್ಗಾಮಿ ಎಂಬುದೂ, 1958ರ ಆಗಸ್ಟ್ 3ರಂದು ಅದು ಉತ್ತರ ಧ್ರುವದ ಹಿಮದ ಕೆಳಗೆ ಹಾದುಹೋಯಿತು ಎಂಬುದೂ ನಮ್ಮಲ್ಲಿ ಅನೇಕರಿಗೆ ಸಾಮಾನ್ಯಜ್ಞಾನದ ಪುಸ್ತಕಗಳಿಂದ ಗೊತ್ತಿರುವ ಸಂಗತಿಗಳು. ಆದರೆ ಹಿಮದಡಿಯ ಆ ಪಯಣ ನಡೆದದ್ದು ನಾಲ್ಕು ದಿನ ಮಾತ್ರ. ನೌಕೆ ಸೇವೆಗೆ ಸೇರಿದ್ದು 1954ರ ಸೆಪ್ಟೆಂಬರ್ 30ರಂದು. ಸೇವೆಯಿಂದ ಬಿಡುಗಡೆಯಾದದ್ದು 1980ರ ಮಾರ್ಚ್ 3ರಂದು. ಉಳಿದ ಇಪ್ಪತ್ತೈದು ವರ್ಷ ಅದು ಏನು ಮಾಡುತ್ತಿತ್ತು ಎಂಬುದು ನನ್ನ ಇಂದಿನ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾಟಿಲಸ್‌ನ ನಿಜವಾದ ಸೇವೆ ಅದರ ದಾಖಲೆಗಳಲ್ಲಿಲ್ಲ, ಅದು ಎತ್ತಿ ತೋರಿಸಿದ ಕೊರತೆಗಳಲ್ಲಿದೆ. ಜಲಾಂತರ್ಗಾಮಿಗಳನ್ನು ಬೇಟೆಯಾಡುವ ನಿಮ್ಮ ವಿಧಾನಗಳೆಲ್ಲ ಹಳತಾದವು ಎಂದು ಅದು ತನ್ನ ನೌಕಾಪಡೆಗೆ ತೋರಿಸಿತು. ನೀವು ಕಟ್ಟಿದ ನೌಕೆ ಬಹಳ ಸದ್ದು ಮಾಡುತ್ತದೆ ಎಂದು ತನ್ನನ್ನು ಕಟ್ಟಿದವರಿಗೂ ತೋರಿಸಿತು.

ಅದಕ್ಕೂ ಹಿಂದಿನ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ಎರಡನೆಯ ಮಹಾಯುದ್ಧದ ಜಲಾಂತರ್ಗಾಮಿಗಳು ಹೆಚ್ಚಿನ ಕಾಲ ನೀರಿನ ಮೇಲೆಯೇ ಡೀಸೆಲ್ ಎಂಜಿನ್‌ನಿಂದ ಓಡುತ್ತಿದ್ದವು. ಡೀಸೆಲ್ ಉರಿಯಲು ಗಾಳಿ ಬೇಕು; ಆದ್ದರಿಂದ ಮುಳುಗಿದ ಮೇಲೆ ಬ್ಯಾಟರಿಯೇ ಗತಿ. ಪೂರ್ಣ ವೇಗದಲ್ಲಿ ಓಡಿಸಿದರೆ ಬ್ಯಾಟರಿ ಒಂದು ಗಂಟೆಯ ಆಸುಪಾಸಿನಲ್ಲಿ ಬರಿದಾಗುತ್ತಿತ್ತು; ನಡಿಗೆಯ ವೇಗದಲ್ಲಿ ಹೋದರೆ ಒಂದು ದಿನದಷ್ಟು ಕಾಲ ಉಳಿಯುತ್ತಿತ್ತು. ಅದನ್ನು ಮತ್ತೆ ತುಂಬಿಸಿಕೊಳ್ಳಲು ನೌಕೆ ಮೇಲಕ್ಕೆ ಬರಲೇಬೇಕು, ಇಲ್ಲವೇ ಗಾಳಿಕೊಳವೆಯನ್ನಾದರೂ ನೀರಿನ ಮೇಲೆ ಚಾಚಬೇಕು. ರೇಡಾರ್ ಹೊತ್ತ ವಿಮಾನಗಳು ಕಾಯುತ್ತಿದ್ದುದು ಆ ಕ್ಷಣಕ್ಕಾಗಿಯೇ. ಅಟ್ಲಾಂಟಿಕ್‌ನಲ್ಲಿ ಜರ್ಮನಿಯ ಜಲಾಂತರ್ಗಾಮಿಗಳನ್ನು ಮಣಿಸಿದ ತಂತ್ರದ ತಿರುಳು ಇದು: ಮುಳುಗಿದ ನೌಕೆ ದೂರ ಹೋಗಲಾರದು, ಕಾದರೆ ಮೇಲೆ ಬಂದೇ ಬರುತ್ತದೆ.

ಪರಮಾಣುವಿನ ಬೀಜವನ್ನು ಒಡೆದು ಶಕ್ತಿ ಪಡೆಯುವ ವಿದಳನ ಕ್ರಿಯೆಗೆ ಗಾಳಿ ಬೇಡ. ವಿದಳನದ ಸುದ್ದಿ ಅಮೆರಿಕ ತಲುಪಿದ ಕೆಲವೇ ವಾರಗಳಲ್ಲಿ, 1939ರ ಮಾರ್ಚ್‌ನಲ್ಲಿ, ನೌಕಾ ಸಂಶೋಧನಾ ಪ್ರಯೋಗಾಲಯದ ಭೌತವಿಜ್ಞಾನಿ ರಾಸ್ ಗನ್ ಅವರು ಈ ಶಕ್ತಿಯಿಂದ ಜಲಾಂತರ್ಗಾಮಿಯನ್ನು ನಡೆಸಬಹುದೆಂದು ಸೂಚಿಸಿದರು. ಅದರ ಪ್ರಾಥಮಿಕ ಅಧ್ಯಯನಕ್ಕೆ ಅವರಿಗೆ ಸಿಕ್ಕಿದ ಹಣ 1,500 ಡಾಲರ್. ಬಳಿಕ ಬಾಂಬು ತಯಾರಿಸುವ ಕೆಲಸ ಎಲ್ಲ ಯುರೇನಿಯಂ ಅನ್ನೂ ಎಲ್ಲ ವಿಜ್ಞಾನಿಗಳನ್ನೂ ನುಂಗಿಕೊಂಡಿತು. ಈ ಆಲೋಚನೆ ಯುದ್ಧ ಮುಗಿಯುವವರೆಗೆ ಬದಿಗೆ ಸರಿಯಿತು.

ಅದನ್ನು ಕೈಗೆತ್ತಿಕೊಂಡವರು ಹೈಮನ್ ರಿಕೋವರ್. ಪೋಲೆಂಡಿನ ಯಹೂದಿ ಕುಟುಂಬದಲ್ಲಿ 1900ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಈ ಎಂಜಿನಿಯರ್ ಅಧಿಕಾರಿಯನ್ನು 1946ರಲ್ಲಿ ನೌಕಾಪಡೆಯು ರಿಯಾಕ್ಟರ್ ವಿದ್ಯೆ, ಎಂದರೆ ವಿದಳನವನ್ನು ಹತೋಟಿಯಲ್ಲಿಟ್ಟು ಶಕ್ತಿ ಪಡೆಯುವ ವಿದ್ಯೆ, ಕಲಿಯಲೆಂದು ಓಕ್ ರಿಜ್‌ನ ಪರಮಾಣು ಸಂಶೋಧನಾ ಕೇಂದ್ರಕ್ಕೆ ಕಳುಹಿಸಿತು. ಮುಂದೆ ಅವರು ನೌಕಾಪಡೆಯಲ್ಲೂ ಪರಮಾಣು ಶಕ್ತಿ ಆಯೋಗದಲ್ಲೂ ಏಕಕಾಲದಲ್ಲಿ ಒಂದೊಂದು ಹುದ್ದೆ ಹಿಡಿದರು. ಒಂದು ಕಚೇರಿಯಿಂದ ಪತ್ರ ಬರೆದು, ಇನ್ನೊಂದು ಕಚೇರಿಯಿಂದ ತಾವೇ ಅದಕ್ಕೆ ಒಪ್ಪಿಗೆ ಕೊಡುತ್ತಿದ್ದರೆಂಬ ಮಾತು ಅವರ ಕುರಿತು ಪ್ರಸಿದ್ಧ. ಕಟುಮಾತಿನ ಈ ವ್ಯಕ್ತಿಯನ್ನು ಬಡ್ತಿಯ ಮಂಡಳಿ ಎರಡು ಬಾರಿ ಕೈಬಿಟ್ಟಿತು. 1953ರಲ್ಲಿ ಸಂಸತ್ತಿನ ಒತ್ತಡದಿಂದ ಅವರಿಗೆ ರಿಯರ್ ಅಡ್ಮಿರಲ್ ಪದವಿ ದೊರೆಯಿತು. ಅವರಿಲ್ಲದಿದ್ದರೂ ಪರಮಾಣು ನೌಕೆ ಒಂದಲ್ಲ ಒಂದು ದಿನ ಬರುತ್ತಿತ್ತು. ಆದರೆ 1955ರಲ್ಲಿ ಬರುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ರಿಕೋವರ್ ಎರಡು ದಾರಿಗಳನ್ನು ಒಟ್ಟೊಟ್ಟಿಗೆ ಹಿಡಿದರು. ವೆಸ್ಟಿಂಗ್‌ಹೌಸ್ ಕಂಪನಿ ಒತ್ತಡದ ನೀರಿನಿಂದ ತಂಪಾಗುವ ರಿಯಾಕ್ಟರನ್ನೂ, ಜನರಲ್ ಎಲೆಕ್ಟ್ರಿಕ್ ಕಂಪನಿ ದ್ರವ ಸೋಡಿಯಂನಿಂದ ತಂಪಾಗುವ ರಿಯಾಕ್ಟರನ್ನೂ ರೂಪಿಸತೊಡಗಿದವು. ನಾಟಿಲಸ್‌ಗೆ ಬಂದದ್ದು ಮೊದಲನೆಯದು. ಅದರ ತತ್ವ ನಮ್ಮ ಅಡುಗೆಮನೆಯ ಕುಕ್ಕರಿನದೇ: ಒತ್ತಡ ಹೆಚ್ಚಿದಷ್ಟೂ ನೀರು ಹೆಚ್ಚಿನ ಉಷ್ಣತೆಯವರೆಗೆ ಕುದಿಯದೆ ಉಳಿಯುತ್ತದೆ. ಯುರೇನಿಯಂನ ನಡುವೆ ಹರಿದು ಹೀಗೆ ಕಾದ ನೀರು ತಾನು ಆವಿಯಾಗದೆ, ಬೇರೊಂದು ಪಾತ್ರೆಯ ಕೊಳವೆಗಳೊಳಗೆ ಹಾದು, ಅಲ್ಲಿರುವ ಪ್ರತ್ಯೇಕ ನೀರನ್ನು ಆವಿಯಾಗಿಸುತ್ತದೆ. ಆ ಆವಿ ಟರ್ಬೈನನ್ನು ತಿರುಗಿಸಿ, ಕಂಡೆನ್ಸರಿನಲ್ಲಿ ಸಮುದ್ರದ ನೀರಿನಿಂದ ತಂಪಾಗಿ, ನೀರಾಗಿ ಹಿಂದಿರುಗುತ್ತದೆ. ಹೀಗಾಗಿ ವಿಕಿರಣಶೀಲವಾದ ನೀರು ಟರ್ಬೈನಿನ ಹತ್ತಿರಕ್ಕೂ ಬರುವುದಿಲ್ಲ. ಈ ಕಂಡೆನ್ಸರನ್ನು ದಯವಿಟ್ಟು ನೆನಪಿನಲ್ಲಿಡಿ. ಧ್ರುವಯಾನವನ್ನು ಹಾಳುಮಾಡಲು ಹೊರಟದ್ದು ಅದೇ.

ಇಂಧನದ ಹೊದಿಕೆಗೆ ಅವರು ಆರಿಸಿದ ಲೋಹ ಜಿರ್ಕೋನಿಯಂ. ಅದು ತುಕ್ಕು ಹಿಡಿಯುವುದಿಲ್ಲ, ವಿದಳನವನ್ನು ನಡೆಸುವ ಕಣಗಳಾದ ನ್ಯೂಟ್ರಾನುಗಳನ್ನೂ ಅಷ್ಟಾಗಿ ಹೀರುವುದಿಲ್ಲ. ಆದರೆ ಪ್ರಕೃತಿಯಲ್ಲಿ ಅದರ ಜೊತೆಗೇ ಬೆರೆತಿರುವ ಹಾಫ್ನಿಯಂ ನ್ಯೂಟ್ರಾನುಗಳನ್ನು ಬಲವಾಗಿ ಹೀರುತ್ತದೆ. ಎರಡನ್ನೂ ಬೇರ್ಪಡಿಸುವುದು ಕಷ್ಟದ ಕೆಲಸ. ಬೇರ್ಪಡಿಸಿದ ಮೇಲೆ ಹಾಫ್ನಿಯಂ ಕೂಡ ವ್ಯರ್ಥವಾಗಲಿಲ್ಲ: ನ್ಯೂಟ್ರಾನುಗಳನ್ನು ಹೀರುವ ಅದರ ಗುಣವೇ ರಿಯಾಕ್ಟರಿನ ವೇಗವನ್ನು ನಿಯಂತ್ರಿಸುವ ಸರಳುಗಳಿಗೆ ಬೇಕಾಗಿತ್ತು.

ನೌಕೆಗೆ ಮೊದಲು ಅದರ ಪ್ರತಿರೂಪವೊಂದನ್ನು ಸಮುದ್ರದಿಂದ ಬಹಳ ದೂರದ ಇಡಾಹೊ ರಾಜ್ಯದ ಒಣಭೂಮಿಯಲ್ಲಿ ಕಟ್ಟಲಾಯಿತು. ಪ್ರಯೋಗಾಲಯದ ಮೇಜಿನ ಮೇಲೆ ಹರಡಿದ ಯಂತ್ರವಾಗಿ ಅದನ್ನು ಕಟ್ಟಲು ರಿಕೋವರ್ ಒಪ್ಪಲಿಲ್ಲ. ನೌಕೆಯ ಒಡಲಿನ ತುಂಡೊಂದರೊಳಗೇ ಯಂತ್ರಗಳೆಲ್ಲ ಕೂರಬೇಕು, ಆ ತುಂಡಿನ ಸುತ್ತ ನೀರಿನ ತೊಟ್ಟಿಯೂ ಇರಬೇಕು ಎಂದು ಹಟ ಹಿಡಿದರು. 1953ರ ಮಾರ್ಚ್ 30ರಂದು ಆ ರಿಯಾಕ್ಟರಿನಲ್ಲಿ ಸರಪಳಿ ಕ್ರಿಯೆ ಆರಂಭವಾಯಿತು. ಜೂನ್‌ನಲ್ಲಿ ಇಪ್ಪತ್ನಾಲ್ಕು ಗಂಟೆಯ ಪರೀಕ್ಷೆಯೆಂದು ಶುರುವಾದ ಓಟವನ್ನು ಅವರು ನಿಲ್ಲಿಸಗೊಡದೆ, ಅಟ್ಲಾಂಟಿಕ್ ಸಾಗರದ ನಕ್ಷೆ ತರಿಸಿ, ನೌಕೆ ನಿಜವಾಗಿಯೂ ಚಲಿಸುತ್ತಿದ್ದರೆ ಎಲ್ಲಿರುತ್ತಿತ್ತೆಂಬುದನ್ನು ಅದರ ಮೇಲೆ ಗುರುತು ಹಾಕಿಸುತ್ತ ಹೋದರು. ಸುಮಾರು ನಾಲ್ಕು ದಿನಗಳ ನಂತರ ಗುರುತು ಐರ್ಲೆಂಡಿನ ತೀರ ಮುಟ್ಟಿತು. ನಡುವೆ ತೊಂದರೆಗಳಾದವು, ನಿಲ್ಲಿಸೋಣವೆಂದು ಜೊತೆಯವರು ಬೇಡಿಕೊಂಡರು, ಅವರು ಕೇಳಲಿಲ್ಲ. ಆ ಹಟದಲ್ಲಿ ಎಂಜಿನಿಯರಿಂಗ್ ಎಷ್ಟಿತ್ತೋ ಪ್ರಚಾರದ ಲೆಕ್ಕಾಚಾರವೂ ಅಷ್ಟೇ ಇತ್ತು.

ನಾಟಿಲಸ್ ರೂಪುಗೊಂಡದ್ದು ಕನೆಕ್ಟಿಕಟ್ ರಾಜ್ಯದ ಗ್ರೋಟನ್ ಪಟ್ಟಣದ ಎಲೆಕ್ಟ್ರಿಕ್ ಬೋಟ್ ಹಡಗುಕಟ್ಟೆಯಲ್ಲಿ. 1952ರ ಜೂನ್ 14ರಂದು ಅಧ್ಯಕ್ಷ ಟ್ರೂಮನ್ ಅವರು ತಳದ ಉಕ್ಕಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ ತಮ್ಮ ಹೆಸರಿನ ಮೊದಲಕ್ಷರಗಳನ್ನು ಬರೆದರು. ಬೆಸುಗೆಗಾರನೊಬ್ಬ ಅದರ ಮೇಲೆಯೇ ಬೆಸುಗೆ ಹಾಕಿ ಅದನ್ನು ಶಾಶ್ವತಗೊಳಿಸಿದ. 1954ರ ಜನವರಿ 21ರಂದು ಮುಂದಿನ ಅಧ್ಯಕ್ಷರ ಪತ್ನಿ ಮೇಮಿ ಐಸೆನ್‌ಹೋವರ್ ಅವರು ಷಾಂಪೇನ್ ಸೀಸೆ ಒಡೆದು ನೌಕೆಯನ್ನು ಥೇಮ್ಸ್ ನದಿಗೆ ಇಳಿಸಿದರು. ಈ ಥೇಮ್ಸ್ ಲಂಡನ್ನಿನದಲ್ಲ, ಕನೆಕ್ಟಿಕಟ್‌ನ ನದಿ.

ಅದೇ ವರ್ಷದ ಸೆಪ್ಟೆಂಬರ್ ಮಧ್ಯದ ಒಂದು ರಾತ್ರಿ, ದಡದಲ್ಲೇ ಪರೀಕ್ಷೆ ನಡೆಯುತ್ತಿದ್ದಾಗ, ಬೆರಳಿನಷ್ಟು ದಪ್ಪದ ಆವಿಯ ಕೊಳವೆಯೊಂದು ಒಡೆಯಿತು. ಅಪಾಯ ದೊಡ್ಡದಾಗಿರಲಿಲ್ಲ. ಆದರೆ ಒಡೆದ ತುಂಡನ್ನು ಪರೀಕ್ಷಿಸಿದಾಗ ಬೆಸುಗೆಯ ಗೆರೆಯಿಲ್ಲದ ಬಲಿಷ್ಠ ಕೊಳವೆ ಇರಬೇಕಾದ ಜಾಗದಲ್ಲಿ, ಕಟಾಂಜನಕ್ಕೆ ಬಳಸುವಂಥ ಬೆಸುಗೆಯ ಕೊಳವೆ ಇರುವುದು ಕಂಡಿತು. ಎಲ್ಲೆಲ್ಲಿ ಯಾವ ಕೊಳವೆ ಹಾಕಿದ್ದಾರೆಂದು ದಾಖಲೆಯಿಂದ ಹೇಳುವಂತಿರಲಿಲ್ಲ. ಆದ್ದರಿಂದ ಅನುಮಾನವಿದ್ದ ಸಾವಿರಾರು ಅಡಿ ಕೊಳವೆಯನ್ನು ಕಿತ್ತು ಹೊಸದು ಹಾಕಲು ರಿಕೋವರ್ ಆಜ್ಞೆಯಿತ್ತರು. ಸೆಪ್ಟೆಂಬರ್ 30ರ ಸೇರ್ಪಡೆ ಸಮಾರಂಭ ನಿಗದಿಯಂತೆ ನಡೆಯಿತು. ಧ್ವಜ ಏರಿತು, ಕಮಾಂಡರ್ ಯೂಜೀನ್ ವಿಲ್ಕಿನ್ಸನ್ ಅಧಿಕಾರ ವಹಿಸಿಕೊಂಡರು, ನೌಕೆ ಮಾತ್ರ ಮೂರು ತಿಂಗಳಿಗೂ ಹೆಚ್ಚು ಕಾಲ ಕಟ್ಟಿದ ಹಗ್ಗದಲ್ಲೇ ನಿಂತಿತ್ತು. ಪ್ರತಿ ಕೊಳವೆಯ, ಪ್ರತಿ ಬೆಸುಗೆಯ ಮೂಲವನ್ನು ಕಾಗದದಲ್ಲಿ ತೋರಿಸಬೇಕೆಂಬ ಶಿಸ್ತು ಪರಮಾಣು ಉದ್ಯಮದಲ್ಲಿ ಬೇರೂರಿದ ಕಥೆಯಲ್ಲಿ ಆ ರಾತ್ರಿಗೂ ಒಂದು ಸ್ಥಾನವಿದೆ.

1955ರ ಜನವರಿ 17ರ ಬೆಳಿಗ್ಗೆ 11 ಗಂಟೆಗೆ ಹಗ್ಗ ಬಿಚ್ಚಿದರು. ಹೊರಟ ಸ್ವಲ್ಪ ಹೊತ್ತಿಗೇ ಬಲಬದಿಯ ಗೇರಿನ ಪೆಟ್ಟಿಗೆಯಿಂದ ಜೋರು ಸದ್ದು ಕೇಳಿಬಂತು. ದಡದಲ್ಲಿ ಪತ್ರಕರ್ತರು ನೋಡುತ್ತಿರುವಾಗ ಹಿಂದಿರುಗಲು ಯಾರಿಗೂ ಮನಸ್ಸಿರಲಿಲ್ಲ. ಹುಡುಕಿ ನೋಡಿದರೆ ಸಡಿಲವಾದ ಒಂದು ತಿರುಪು. ಅದನ್ನು ಬಿಗಿಮಾಡಿ ಮುಂದುವರಿದರು. ಪರಮಾಣು ಶಕ್ತಿಯಿಂದ ಚಲಿಸುತ್ತಿದ್ದೇವೆ ಎಂದು ವಿಲ್ಕಿನ್ಸನ್ ಅವರು ದೀಪಸಂಕೇತದಲ್ಲಿ ಕಳುಹಿಸಿದ ಚುಟುಕು ಸಂದೇಶ ಇತಿಹಾಸದಲ್ಲಿ ಉಳಿದಿದೆ; ತಿರುಪಿನ ಕಥೆ ಅಷ್ಟಾಗಿ ಉಳಿದಿಲ್ಲ.

ನೌಕೆಯ ಉದ್ದ ಸುಮಾರು 97 ಮೀಟರ್, ಮುಳುಗಿದಾಗಿನ ತೂಕ ಸುಮಾರು 4,000 ಟನ್, ಸಿಬ್ಬಂದಿ ನೂರಕ್ಕೂ ಸ್ವಲ್ಪ ಹೆಚ್ಚು. ಆಯುಧವೆಂದರೆ ಮೂತಿಯಲ್ಲಿದ್ದ ಆರು ಟಾರ್ಪೆಡೊ ಕೊಳವೆಗಳು. ಹಳೆಯ ನೌಕೆಗಳಲ್ಲಿ ಒಬ್ಬ ಪಾಳಿಗೆ ಎದ್ದೊಡನೆ ಅವನ ಬಿಸಿ ಹಾಸಿಗೆಯಲ್ಲೇ ಇನ್ನೊಬ್ಬ ಮಲಗಬೇಕಾಗಿತ್ತು. ಇಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಮಲಗುವ ಜಾಗವಿತ್ತು, ಊಟದ ಕೋಣೆಯಲ್ಲಿ ಹಾಡಿನ ಪೆಟ್ಟಿಗೆಯೂ ಇತ್ತು. ವಾರಗಟ್ಟಲೆ ಮೇಲೆ ಬಾರದ ನೌಕೆಯಲ್ಲಿ ಯಂತ್ರಕ್ಕಿಂತ ಮೊದಲು ಮನುಷ್ಯನೇ ದಣಿಯುತ್ತಾನೆಂಬುದನ್ನು ವಿನ್ಯಾಸಕರು ಊಹಿಸಿದ್ದರು. ಹೊರಗಿನ ಆಕಾರ ಮಾತ್ರ ಹಳೆಯದೇ. ನೀರಿನ ಮೇಲೆ ಸಲೀಸಾಗಿ ಓಡಲೆಂದು ರೂಪಿಸಿದ ಯುದ್ಧಕಾಲದ ಒಡಲಿನ ವಂಶದ್ದೇ ಈ ಒಡಲು. ಹೊಸ ಎಂಜಿನ್ನೂ ಹೊಸ ಆಕಾರವೂ ಒಂದೇ ಬಾರಿಗೆ ಬೇಡವೆಂಬ ಎಚ್ಚರಿಕೆ ಅರ್ಥವಾಗುವಂಥದ್ದೇ, ಆದರೆ ಅದಕ್ಕೆ ಬೆಲೆ ತೆರಬೇಕಾಯಿತು.

1955ರ ಮೇ 10ರಂದು ನೌಕೆ ನ್ಯೂ ಲಂಡನ್‌ನಿಂದ ಹೊರಟು, ಪೋರ್ಟೊರಿಕೊದ ಸಾನ್ ಹುವಾನ್‌ವರೆಗೆ ಸುಮಾರು 2,200 ಕಿಲೋಮೀಟರ್ ದೂರವನ್ನು ಮುಳುಗಿದಂತೆಯೇ, 90 ಗಂಟೆಯೊಳಗೆ ಕ್ರಮಿಸಿತು. ಅದುವರೆಗೆ ಯಾವ ಜಲಾಂತರ್ಗಾಮಿಯೂ ಅಷ್ಟು ದೂರವನ್ನು ಮುಳುಗಿಕೊಂಡೇ ಹೋಗಿರಲಿಲ್ಲ. ನನ್ನ ದೃಷ್ಟಿಯಲ್ಲಿ ಧ್ರುವಯಾನಕ್ಕಿಂತ ಇದೇ ಹೆಚ್ಚು ಮಹತ್ವದ ಪಯಣ. ಏಕೆಂದರೆ ಕಾದರೆ ಮೇಲೆ ಬಂದೇ ಬರುತ್ತದೆ ಎಂಬ ಬೇಟೆಯ ಮೂಲ ನಂಬಿಕೆ ಅಂದೇ ಕುಸಿಯಿತು.

ಆ ಕುಸಿತದ ಆಳವನ್ನು ಅಳೆಯುವುದೇ ನಂತರದ ಎರಡು ವರ್ಷಗಳ ಕೆಲಸವಾಯಿತು. ಕವಾಯತುಗಳಲ್ಲಿ ನಾಟಿಲಸ್ ಶತ್ರುವಿನ ಪಾತ್ರ ವಹಿಸುತ್ತಿತ್ತು. ನೌಕಾಪಡೆಯ ವಿಧ್ವಂಸಕ ಹಡಗುಗಳೂ ವಿಮಾನಗಳೂ ಅದನ್ನು ಹುಡುಕುತ್ತಿದ್ದವು. ಅದು ಮೇಲೆ ಬಾರದಿದ್ದುದರಿಂದ ವಿಮಾನದ ರೇಡಾರಿಗೆ ಕಾಣುತ್ತಿರಲಿಲ್ಲ. ಒಮ್ಮೆ ಸುಳಿವು ಸಿಕ್ಕಿದರೂ, ಬೇಟೆಗಾರರು ಆ ಜಾಗಕ್ಕೆ ಬರುವಷ್ಟರಲ್ಲಿ 20 ನಾಟ್‌ಗೂ ಮೀರಿದ ವೇಗದಲ್ಲಿ, ಎಂದರೆ ಗಂಟೆಗೆ ಸುಮಾರು 40 ಕಿಲೋಮೀಟರಿನಂತೆ, ಆಳವನ್ನೂ ದಿಕ್ಕನ್ನೂ ಬದಲಿಸಿ ದೂರ ಹೋಗಿರುತ್ತಿತ್ತು. ಯುದ್ಧದಲ್ಲಿ ಗೆಲುವು ತಂದಿದ್ದ ವಿಧಾನಗಳು ಹತ್ತೇ ವರ್ಷಗಳಲ್ಲಿ ಕೆಲಸಕ್ಕೆ ಬಾರದಾದವು. ಸೋವಿಯತ್ ಒಕ್ಕೂಟವೂ ಇಂಥ ನೌಕೆ ಕಟ್ಟುವುದು ಖಚಿತವೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಈ ಗೆಲುವು ನೌಕಾಪಡೆಗೆ ಸಂತೋಷಕ್ಕಿಂತ ಆತಂಕವನ್ನೇ ಹೆಚ್ಚಾಗಿ ತಂದಿತು. ಸೋವಿಯತ್ತಿನ ಮೊದಲ ಪರಮಾಣು ಜಲಾಂತರ್ಗಾಮಿ ಕೆ-3 ಸಮುದ್ರಕ್ಕಿಳಿದದ್ದು 1958ರಲ್ಲಿ.

ಇನ್ನು ನಾಣ್ಯದ ಮತ್ತೊಂದು ಮುಖ. ಹಳೆಯ ಆಕಾರದ ಒಡಲು ನೀರಿನೊಳಗೆ ವೇಗವಾಗಿ ಚಲಿಸಿದಾಗ ಅದರ ಸುತ್ತಲಿನ ನೀರು ಸುಳಿಸುಳಿಯಾಗಿ ಹರಿದು, ಒಡಲೂ ಮೇಲಿನ ಗೋಪುರವೂ ಅದುರುತ್ತಿದ್ದವು. ಆ ಸದ್ದಿನಲ್ಲಿ 4 ನಾಟ್ ದಾಟಿದರೆ ಅದರ ಸ್ವಂತ ಸೋನಾರ್, ಎಂದರೆ ನೀರಿನೊಳಗಿನ ಸದ್ದನ್ನು ಆಲಿಸಿ ಇತರ ನೌಕೆಗಳನ್ನು ಪತ್ತೆಹಚ್ಚುವ ಉಪಕರಣ, ಕಿವುಡಾಗುತ್ತಿತ್ತು. ಎಂದರೆ, ತನ್ನ ಮುಖ್ಯ ಗುಣವಾದ ವೇಗವನ್ನು ಬಳಸಿದಾಗಲೆಲ್ಲ ಈ ನೌಕೆ ಕಿವಿಯನ್ನು ಕಳೆದುಕೊಳ್ಳುತ್ತಿತ್ತು. ಅಷ್ಟೇ ಅಲ್ಲ, ಕೇಳುವ ಕಿವಿಯುಳ್ಳವರಿಗೆ ತಾನಿರುವ ಜಾಗವನ್ನೂ ಸಾರುತ್ತಿತ್ತು. ಡೀಸೆಲ್ ನೌಕೆ ಬ್ಯಾಟರಿಯಲ್ಲಿ ನಿಧಾನವಾಗಿ ಹೋಗುವಾಗ ಬಹುತೇಕ ನಿಶ್ಶಬ್ದ. ರಿಯಾಕ್ಟರಿನ ಪಂಪುಗಳು, ಟರ್ಬೈನು, ಗೇರುಗಳು ಹಾಗಲ್ಲ. ಮುಂದಿನ ದಶಕಗಳ ಜಲಾಂತರ್ಗಾಮಿ ಸ್ಪರ್ಧೆ ವೇಗದ ಸ್ಪರ್ಧೆಗಿಂತ ಹೆಚ್ಚಾಗಿ ಮೌನದ ಸ್ಪರ್ಧೆಯಾದುದಕ್ಕೆ ಮೊದಲ ಪಾಠ ಸಿಕ್ಕಿದ್ದು ಇಲ್ಲಿ.

ಮೊದಲ ಇಂಧನದಲ್ಲಿ ನೌಕೆ 62,000 ಮೈಲಿಗೂ ಹೆಚ್ಚು ಸಂಚರಿಸಿತು. 1957ರಲ್ಲಿ ಇಂಧನ ಬದಲಿಸಿದರು. ಆ ವರ್ಷದ ಬೇಸಿಗೆಯಲ್ಲಿ ಕಮಾಂಡರ್ ವಿಲಿಯಂ ಆಂಡರ್ಸನ್ ಅಧಿಕಾರ ವಹಿಸಿಕೊಂಡರು.

ಹಿಮದಡಿ ಹೋಗುವ ಆಲೋಚನೆ ಹೊಸದೇನಲ್ಲ. 1931ರಲ್ಲಿ ಆಸ್ಟ್ರೇಲಿಯಾದ ಅನ್ವೇಷಕ ಹ್ಯೂಬರ್ಟ್ ವಿಲ್ಕಿನ್ಸ್ ಅವರು ಅಮೆರಿಕದ ನೌಕಾಪಡೆ ಕೈಬಿಟ್ಟಿದ್ದ ಹಳೆಯ ಜಲಾಂತರ್ಗಾಮಿಯೊಂದಕ್ಕೆ ಇದೇ ನಾಟಿಲಸ್ ಎಂಬ ಹೆಸರಿಟ್ಟು ಆರ್ಕ್‌ಟಿಕ್‌ಗೆ ಹೋಗಿದ್ದರು. ಮುಳುಗಿಸಿ ಏಳಿಸುವ ಚುಕ್ಕಾಣಿಯೇ ಕಳೆದುಹೋಗಿ ಪ್ರಯತ್ನ ಕೈಗೂಡಲಿಲ್ಲ. ಆಂಡರ್ಸನ್ ಅವರು 1957ರ ಆಗಸ್ಟ್ 19ರಂದು ಹೊರಟು ಗ್ರೀನ್‌ಲೆಂಡ್ ಬದಿಯಿಂದ ಹಿಮದಡಿ ಹೊಕ್ಕರು. ಮೇಲೇಳಲು ನೋಡಿದಾಗ ಹಿಮದ ಹಲಗೆಗೆ ಬಡಿದು ಪೆರಿಸ್ಕೋಪುಗಳು ಜಖಂಗೊಂಡವು. ಹಿಮದ ಅಂಚಿಗೆ ಹಿಂದಿರುಗಿ, ಕೊರೆಯುವ ಗಾಳಿಯಲ್ಲಿ ಗೋಪುರದ ಮೇಲೆ ನಿಂತು, ನಾವಿಕರು ಬಾಗಿದ ಒಂದು ಪೆರಿಸ್ಕೋಪನ್ನು ನೇರಮಾಡಿ ಬೆಸುಗೆ ಹಾಕಿದರು. ಮತ್ತೆ ಒಳಹೊಕ್ಕಾಗ, ಧ್ರುವಕ್ಕೆ ಸುಮಾರು 180 ಮೈಲಿ ಇರುವಂತೆ ವಿದ್ಯುತ್ತಿನ ಅಡಚಣೆಯಿಂದ ಗೈರೋ ದಿಕ್ಸೂಚಿಗಳು ಕೈಕೊಟ್ಟವು. ಕಾಂತೀಯ ದಿಕ್ಸೂಚಿಯನ್ನು ಅಲ್ಲಿ ನಂಬುವಂತಿಲ್ಲ. ಭೂಮಿಯ ತಿರುಗುವಿಕೆಯನ್ನು ಆಧರಿಸಿ ಉತ್ತರವನ್ನು ಹುಡುಕುವ ಗೈರೋ ದಿಕ್ಸೂಚಿಗೂ ಧ್ರುವದ ಹತ್ತಿರ ಹಿಡಿತ ತಪ್ಪುತ್ತದೆ. ತಲೆಯ ಮೇಲೆ ಹಿಮ, ದಿಕ್ಕು ತಿಳಿಯದು. ಆಂಡರ್ಸನ್ ಹಿಂದಿರುಗಿದರು, ಅದು ಸರಿಯಾದ ನಿರ್ಧಾರವಾಗಿತ್ತು.

ಅದೇ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟದ ಸ್ಪುಟ್ನಿಕ್, ಜಗತ್ತಿನ ಮೊದಲ ಕೃತಕ ಉಪಗ್ರಹ, ಹಾರಿತು. ಅಮೆರಿಕಕ್ಕೆ ಏನಾದರೊಂದು ಸಾಧನೆ ತುರ್ತಾಗಿ ಬೇಕಾಯಿತು. ಪೆಸಿಫಿಕ್‌ನಿಂದ ಧ್ರುವದಡಿ ಅಟ್ಲಾಂಟಿಕ್‌ಗೆ ಹೋಗುವ ಯೋಜನೆಗೆ ಐಸೆನ್‌ಹೋವರ್ ರಹಸ್ಯವಾಗಿ ಒಪ್ಪಿಗೆ ಕೊಟ್ಟರು. ಈ ಬಾರಿ ಕ್ಷಿಪಣಿಗಾಗಿ ತಯಾರಾಗಿದ್ದ ಜಡತ್ವ ಆಧಾರಿತ ಪಥದರ್ಶಕವೊಂದನ್ನು ಮಾರ್ಪಡಿಸಿ ನೌಕೆಯಲ್ಲಿ ಕೂರಿಸಲಾಯಿತು. ಹೊರಗಿನ ಯಾವ ಗುರುತನ್ನೂ ನೋಡದೆ, ನೌಕೆಯ ಪ್ರತಿಯೊಂದು ವೇಗಬದಲಾವಣೆಯನ್ನೂ ಅಳೆದು ಕೂಡಿಸುತ್ತ, ಹೊರಟ ಜಾಗದಿಂದ ಎಷ್ಟು ದೂರ, ಯಾವ ದಿಕ್ಕಿಗೆ ಬಂದಿದ್ದೇವೆಂದು ಲೆಕ್ಕ ಹಾಕುವ ಯಂತ್ರ ಅದು.

ಪೆಸಿಫಿಕ್‌ನ ದಾರಿಯಲ್ಲಿ ಎರಡು ಅವಾಂತರಗಳಾದವು. ಮೊದಲನೆಯದು, ಎಂಜಿನ್ ಕೋಣೆಯಲ್ಲಿ ಟರ್ಬೈನಿನ ಉಷ್ಣನಿರೋಧಕ ಹೊದಿಕೆ ವರ್ಷಗಳಿಂದ ಎಣ್ಣೆ ಕುಡಿದು ಹೊಗೆಯಾಡತೊಡಗಿದ್ದು. ಹಿಮದಡಿಯಲ್ಲಿ ಹೀಗಾಗಿದ್ದರೆ ಮೇಲೇಳುವ ದಾರಿಯಿರಲಿಲ್ಲ. ಆ ಅನುಭವದಿಂದಲೇ ಪ್ರತಿಯೊಬ್ಬರೂ ಮುಖವಾಡ ಜೋಡಿಸಿಕೊಂಡು ಉಸಿರಾಡಬಹುದಾದ ತುರ್ತು ಗಾಳಿಯ ಕೊಳವೆಗಳು ಬಂದವು. ಎರಡನೆಯದು ಕಂಡೆನ್ಸರಿನ ಸೋರಿಕೆ. ಸಮುದ್ರದ ಉಪ್ಪುನೀರು ಆವಿಯ ವ್ಯವಸ್ಥೆಯೊಳಗೆ ಸೇರುತ್ತಿತ್ತು, ಅದು ಮುಂದುವರಿದರೆ ಲೋಹವನ್ನು ತಿನ್ನುತ್ತದೆ. ಎಷ್ಟು ಹುಡುಕಿದರೂ ತೂತು ಸಿಗಲಿಲ್ಲ. ಕಾರಿನ ರೇಡಿಯೇಟರು ಸೋರಿದರೆ ಅದಕ್ಕೆ ಸುರಿಯುವ ದ್ರವವೊಂದು ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇಕೆ ಇಲ್ಲಿ ಸುರಿಯಬಾರದು ಎಂಬ ಯೋಚನೆ ಆಂಡರ್ಸನ್ ಅವರಿಗೆ ಬಂತು. ಸಿಯಾಟಲ್ ಬಂದರಿನಲ್ಲಿ ನಾವಿಕರು ಸಾಮಾನ್ಯ ಉಡುಪು ತೊಟ್ಟು, ಊರಿನ ಪೆಟ್ರೋಲ್ ಬಂಕುಗಳನ್ನು ಸುತ್ತಿ, ತಲಾ 1.80 ಡಾಲರಿನಂತೆ 140 ಡಬ್ಬಿ 'ಸ್ಟಾಪ್ ಲೀಕ್' ಕೊಂಡು ತಂದರು. ಅರ್ಧದಷ್ಟನ್ನು ಕಂಡೆನ್ಸರಿಗೆ ಸುರಿದರು. ಸೋರಿಕೆ ನಿಂತಿತು. ಕೋಟಿಗಟ್ಟಲೆ ಡಾಲರಿನ ಯಂತ್ರ ಧ್ರುವ ತಲುಪಿದ್ದು ಹೀಗೆ. ಕೊಳವೆಯ ಒಂದೊಂದು ಬೆಸುಗೆಗೂ ಕಾಗದ ಕೇಳುತ್ತಿದ್ದ ರಿಕೋವರ್ ಪರಂಪರೆಯ ಪಕ್ಕದಲ್ಲೇ ಈ ಮೆಕ್ಯಾನಿಕ್ ಬುದ್ಧಿಯೂ ಕೆಲಸ ಮಾಡಿತೆಂಬುದು ನನಗೆ ಈ ಕಥೆಯಲ್ಲಿ ಅತ್ಯಂತ ಪ್ರಿಯವಾದ ಸಂಗತಿ.

1958ರ ಜೂನ್ 9ರಂದು ಸಿಯಾಟಲ್ ಬಿಟ್ಟ ನೌಕೆಗೆ ಬೇರಿಂಗ್ ಜಲಸಂಧಿಯ ಆಚೆಗಿನ ಚುಕ್ಚಿ ಸಮುದ್ರ ದಾರಿ ಕೊಡಲಿಲ್ಲ. ಅಲ್ಲಿ ಸಮುದ್ರದ ಆಳ ಐವತ್ತು ಮೀಟರಿನ ಆಸುಪಾಸು. ಮೇಲಿನಿಂದ ಹಿಮದ ಬೆನ್ನುಗಳು ಇಪ್ಪತ್ತು ಮೀಟರಿಗೂ ಕೆಳಗೆ ಇಳಿಬಿದ್ದಿದ್ದವು. ನೌಕೆಯ ಎತ್ತರವೇ ಸುಮಾರು ಹದಿನೈದು ಮೀಟರು. ಒಂದು ಹಿಮದ ಬೆನ್ನಿನ ಕೆಳಗೆ ಕೆಲವೇ ಅಡಿಗಳ ಅಂತರದಲ್ಲಿ ನುಸುಳಿದ ಬಳಿಕ ಆಂಡರ್ಸನ್ ಈ ಬಾರಿಯೂ ಹಿಂದೆ ಸರಿದು, ಪರ್ಲ್ ಹಾರ್ಬರಿಗೆ ಹೋಗಿ ಹಿಮ ಕರಗಲು ಕಾದರು. ಜುಲೈ 23ರಂದು ಮತ್ತೆ ಹೊರಟು, ಆಗಸ್ಟ್ 1ರಂದು ಅಲಾಸ್ಕದ ಬ್ಯಾರೋ ಬಳಿಯ ಸಮುದ್ರಕಣಿವೆಯ ಮೂಲಕ ಆಳದ ನೀರಿಗೆ ಇಳಿದರು. ಹಿಮಶಾಸ್ತ್ರಜ್ಞ ವಾಲ್ಡೊ ಲಯನ್ ಅವರು ತಾವೇ ರೂಪಿಸಿದ ಮೇಲ್ಮುಖ ಸೋನಾರಿನ ಮುಂದೆ ಕುಳಿತು ತಲೆಯ ಮೇಲಿನ ಹಿಮದ ದಪ್ಪವನ್ನು ಓದುತ್ತಿದ್ದರು. ಆಗಸ್ಟ್ 3ರ ರಾತ್ರಿ, ಅಮೆರಿಕದ ಪೂರ್ವ ತೀರದ ಬೇಸಿಗೆ ಸಮಯ 11.15ಕ್ಕೆ, 116 ಜನರನ್ನು ಹೊತ್ತ ನೌಕೆ ಧ್ರುವಬಿಂದುವನ್ನು ದಾಟಿತು. ಅಲ್ಲಿ ಸಮುದ್ರದ ಆಳ 13,410 ಅಡಿಯೆಂದು ಅಳೆದು ಬರೆದುಕೊಂಡರು. 96 ಗಂಟೆಗಳಲ್ಲಿ ಸುಮಾರು 2,900 ಕಿಲೋಮೀಟರ್ ಹಿಮದಡಿ ಸಾಗಿ, ಗ್ರೀನ್‌ಲೆಂಡಿನ ಈಶಾನ್ಯಕ್ಕೆ ಮೇಲೆದ್ದರು.

ಐಸ್‌ಲೆಂಡ್ ಬಳಿ ಹೆಲಿಕಾಪ್ಟರ್ ಬಂದು ಆಂಡರ್ಸನ್ ಅವರನ್ನು ಕರೆದೊಯ್ದಿತು. ಆಗಸ್ಟ್ 8ರಂದು ಶ್ವೇತಭವನದಲ್ಲಿ ಅವರಿಗೆ ಪದಕ ದೊರೆಯಿತು. ನೌಕೆಗೆ ಅಧ್ಯಕ್ಷರ ಪ್ರಶಸ್ತಿಪತ್ರ ಸಂದಿತು, ಶಾಂತಿಕಾಲದಲ್ಲಿ ಹಾಗೆ ಸಂದದ್ದು ಅದೇ ಮೊದಲು. ಆ ಸಮಾರಂಭಕ್ಕೆ ರಿಕೋವರ್ ಅವರನ್ನು ಕರೆದಿರಲಿಲ್ಲ. ಪತ್ರಿಕೆಗಳು ಅದನ್ನು ಬಿಡಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೆರವಣಿಗೆಗೆ ಅವರನ್ನು ಅಧ್ಯಕ್ಷರ ಪ್ರತಿನಿಧಿಯಾಗಿ ಕಳುಹಿಸಿ ಸರಕಾರ ತೇಪೆ ಹಚ್ಚಿತು.

ಸೋಡಿಯಂ ರಿಯಾಕ್ಟರಿನ ಎರಡನೆಯ ನೌಕೆ ಸೀವುಲ್ಫ್ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಸೋಡಿಯಂ ನೀರಿಗಿಂತ ಚೆನ್ನಾಗಿ ಶಾಖವನ್ನು ಒಯ್ಯುತ್ತದೆ, ಆದರೆ ನೀರು ತಾಗಿದರೆ ಉರಿಯುತ್ತದೆ. ನಾಲ್ಕೂ ಕಡೆ ನೀರಿರುವ ನೌಕೆಯಲ್ಲಿ ಇದು ಸಣ್ಣ ಮಾತಲ್ಲ. 1957ರಲ್ಲಿ ಸೇವೆಗೆ ಸೇರಿದ ಸೀವುಲ್ಫ್ ಸೋರಿಕೆಗಳ ಕಾರಣದಿಂದ ಪೂರ್ಣ ಶಕ್ತಿ ಕೊಡಲಾರದೆ ಹೋದರೂ 1958ರಲ್ಲಿ 60 ದಿನ ಸತತವಾಗಿ ಮುಳುಗಿದ್ದು ದಾಖಲೆ ಮಾಡಿತು. ಆಮೇಲೆ ಆ ರಿಯಾಕ್ಟರನ್ನು ಕಿತ್ತು ನಾಟಿಲಸ್ ಮಾದರಿಯದನ್ನು ಕೂರಿಸಿದರು. ಒತ್ತಡದ ನೀರಿನ ದಾರಿ ಗೆದ್ದಿತು. ನೆಲದ ಮೇಲಿನ ವಿದ್ಯುತ್ ಸ್ಥಾವರಗಳಿಗೂ ಅದೇ ದಾರಿ ಹಬ್ಬಿತು. ಅಂದಹಾಗೆ, ಸೀವುಲ್ಫ್‌ನ ಸಿಬ್ಬಂದಿಗೆಂದು ತರಬೇತಾಗುತ್ತಿದ್ದ ಯುವ ಅಧಿಕಾರಿಯೊಬ್ಬರು ತಂದೆ ತೀರಿಕೊಂಡದ್ದರಿಂದ 1953ರಲ್ಲಿ ನೌಕಾಪಡೆ ಬಿಟ್ಟು ಊರಿನ ಕಡಲೆಕಾಯಿ ಬೇಸಾಯಕ್ಕೆ ಮರಳಿದರು. ಅವರೇ ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್.

ಧ್ರುವಯಾನ ಮುಗಿದ ಮರುವರ್ಷವೇ ನಾಟಿಲಸ್ ಹಳತಾಯಿತು. 1959ರ ಏಪ್ರಿಲ್‌ನಲ್ಲಿ ಸೇವೆಗೆ ಬಂದ ಸ್ಕಿಪ್‌ಜ್ಯಾಕ್, ನೀರಹನಿಯ ಆಕಾರದ ಒಡಲನ್ನೂ ಪರಮಾಣು ಎಂಜಿನನ್ನೂ ಒಂದುಗೂಡಿಸಿತ್ತು. ವೇಗದಲ್ಲಿ ನಾಟಿಲಸ್ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಅಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳ ದಿನಚರಿಯಲ್ಲಿ ಪತ್ರಿಕೆಯ ಮುಖಪುಟಕ್ಕೆ ಬರುವಂಥದ್ದು ಕಡಿಮೆ. ಮೇನ್ ರಾಜ್ಯದ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ 1959ರಿಂದ 60ರವರೆಗೆ ದುರಸ್ತಿ, ಆ ಬಳಿಕ ಮೆಡಿಟರೇನಿಯನ್‌ನ ಆರನೆಯ ನೌಕಾದಳದಲ್ಲಿ ಸೇವೆ, 1962ರ ಅಕ್ಟೋಬರಿನಲ್ಲಿ ಕ್ಯೂಬಾದ ದಿಗ್ಬಂಧನದಲ್ಲಿ ಪಾಲು, ನಡುನಡುವೆ ತನ್ನನ್ನು ಹುಡುಕಲು ಕಲಿಯುತ್ತಿರುವವರಿಗೆ ಗುರಿಯಾಗುವ ಕೆಲಸ. ಈ ಕೊನೆಯ ಕೆಲಸವನ್ನು ಅದು ವರ್ಷಾನುಗಟ್ಟಲೆ ಮಾಡಿತು, ಅದರಿಂದಲೇ ಹೊಸ ಸೋನಾರುಗಳೂ ಹೊಸ ತಂತ್ರಗಳೂ ಪಳಗಿದವು. 1964ರ ಜನವರಿಯಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಮತ್ತೆ ದುರಸ್ತಿ ನಡೆಯಿತು. ಹಿಂದಿನ ವರ್ಷ, 1963ರ ಏಪ್ರಿಲ್ 10ರಂದು, ಥ್ರೆಷರ್ ಎಂಬ ಹೊಸ ಪರಮಾಣು ಜಲಾಂತರ್ಗಾಮಿ 129 ಜನರೊಡನೆ ಮುಳುಗಿಹೋಗಿತ್ತು. ಆ ದುರಂತದ ನಂತರ ಇಡೀ ಪಡೆಯಲ್ಲಿ ನೀರು ತಡೆಯುವ ಕೊಳವೆ, ಕವಾಟಗಳ ಗುಣಮಟ್ಟವನ್ನು ಮೊದಲಿನಿಂದ ಪರಿಶೀಲಿಸುವ ಕಾಲ ಅದು.

1966ರಲ್ಲಿ ನೌಕೆಯ ಒಟ್ಟು ಸಂಚಾರ 3 ಲಕ್ಷ ಮೈಲಿ ಮುಟ್ಟಿತು. ಅದೇ ವರ್ಷದ ನವೆಂಬರ್ 10ರಂದು ಉತ್ತರ ಕ್ಯಾರೊಲಿನಾದ ಪೂರ್ವಕ್ಕೆ ಕವಾಯತು ನಡೆಸುತ್ತಿದ್ದಾಗ, ಹೆಚ್ಚು ಆಳದಲ್ಲಿಲ್ಲದ ನಾಟಿಲಸ್‌ನ ಗೋಪುರ ವಿಮಾನವಾಹಕ ಹಡಗು ಎಸೆಕ್ಸ್‌ನ ತಳಕ್ಕೆ ಬಡಿಯಿತು. ಗೋಪುರ ನಜ್ಜುಗುಜ್ಜಾಯಿತು, ಹಡಗಿನ ತಳದಲ್ಲಿ ಬಿರುಕು ಬಿತ್ತು. ಎರಡೂ ತಮ್ಮ ಬಲದಿಂದಲೇ ಬಂದರು ಸೇರಿದವು. ಆಗ ಎಸೆಕ್ಸ್ ಹಡಗಿನ ಮುಖ್ಯ ಕೆಲಸವೇ ಜಲಾಂತರ್ಗಾಮಿಗಳನ್ನು ಹುಡುಕುವುದಾಗಿತ್ತು ಎಂಬುದನ್ನು ಸುಮ್ಮನೆ ಹೇಳಿ ಮುಂದುವರಿಯುತ್ತೇನೆ.

1972ರಿಂದ 74ರವರೆಗೆ ಗ್ರೋಟನ್‌ನಲ್ಲಿ ಕೊನೆಯ ದೊಡ್ಡ ದುರಸ್ತಿ ನಡೆಯಿತು. 1979ರ ಏಪ್ರಿಲ್ 9ರಂದು ಅಲ್ಲಿಂದ ಹೊರಟು ಮೇ 26ರಂದು ಕ್ಯಾಲಿಫೋರ್ನಿಯಾದ ಮೇರ್ ಐಲೆಂಡ್ ಹಡಗುಕಟ್ಟೆ ತಲುಪಿದ್ದು, ಸ್ವಂತ ಶಕ್ತಿಯಿಂದ ಅದು ಚಲಿಸಿದ ಕೊನೆಯ ಪಯಣ. ಒಟ್ಟು ಸಂಚಾರ ಸುಮಾರು 5 ಲಕ್ಷ ಮೈಲಿ. ಇಂಧನವನ್ನು ಹೊರತೆಗೆದು, ನೌಕೆಯನ್ನು ವಸ್ತುಸಂಗ್ರಹಾಲಯವಾಗಿಸಲು ಸಿದ್ಧಗೊಳಿಸಿ, 1985ರಲ್ಲಿ ಗ್ರೋಟನ್‌ಗೆ ಎಳೆದುತಂದರು. 1986ರ ಏಪ್ರಿಲ್ 11ರಿಂದ ಅದು ಸಾರ್ವಜನಿಕರಿಗೆ ತೆರೆದಿದೆ. ಟಾರ್ಪೆಡೊ ಕೋಣೆ, ಕಮಾಂಡಿನ ಕೋಣೆ, ಮಲಗುವ ಹಲಗೆಗಳು, ಊಟದ ಕೋಣೆ ಇವನ್ನು ನೋಡಬಹುದು. ರಿಯಾಕ್ಟರೂ ಎಂಜಿನ್ ಕೋಣೆಯೂ ಇದ್ದ ಹಿಂಭಾಗಕ್ಕೆ ಪ್ರವೇಶವಿಲ್ಲ.

ಪ್ರಶ್ನೆ: ನಾಟಿಲಸ್‌ನಲ್ಲಿ ಪರಮಾಣು ಕ್ಷಿಪಣಿಗಳಿದ್ದವೇ?

ಇಲ್ಲ. ಪರಮಾಣು ಚಾಲಿತ ಎಂಬುದು ಎಂಜಿನ್ನಿಗೆ ಸಂಬಂಧಿಸಿದ ಮಾತು. ಟಾರ್ಪೆಡೊ ಬಿಟ್ಟರೆ ಅದರಲ್ಲಿ ಬೇರೆ ಆಯುಧವಿರಲಿಲ್ಲ. ಮುಳುಗಿದ್ದಂತೆಯೇ ದೂರದ ಕ್ಷಿಪಣಿ ಹಾರಿಸುವ ಕೆಲಸವನ್ನು ಮೊದಲು ಮಾಡಿ ತೋರಿಸಿದ್ದು 1960ರ ಜುಲೈನಲ್ಲಿ, ಜಾರ್ಜ್ ವಾಷಿಂಗ್ಟನ್ ಎಂಬ ನೌಕೆ. ನಾಟಿಲಸ್ ತೋರಿಸಿಕೊಟ್ಟ ಸಾಧ್ಯತೆಯಿಲ್ಲದೆ ಆ ನೌಕೆಗೆ ಅರ್ಥವಿರಲಿಲ್ಲವೆಂಬುದೂ ನಿಜ.

ಪ್ರಶ್ನೆ: ನಮ್ಮ ಕೈಗಾದ ರಿಯಾಕ್ಟರಿಗೂ ಜಲಾಂತರ್ಗಾಮಿಯ ರಿಯಾಕ್ಟರಿಗೂ ಏನು ವ್ಯತ್ಯಾಸ? ಭಾರತ ಈ ವಿದ್ಯೆಯನ್ನು ಯಾವಾಗ ಕಲಿಯಿತು?

ಎರಡರಲ್ಲೂ ಒತ್ತಡದ ನೀರೇ ಶಾಖವನ್ನು ಒಯ್ಯುತ್ತದೆ. ಎರಡರಲ್ಲೂ ಇಂಧನಕ್ಕೆ ಜಿರ್ಕೋನಿಯಂ ಮಿಶ್ರಲೋಹದ ಹೊದಿಕೆ ಬಳಸುತ್ತಾರೆ. ಆದರೆ ಕೈಗಾದಲ್ಲಿ ಭಾರಜಲವಿದೆ, ಇಂಧನ ನೈಸರ್ಗಿಕ ಯುರೇನಿಯಂ. ಅದರಲ್ಲಿ ವಿದಳನಕ್ಕೆ ಒದಗುವ ಯುರೇನಿಯಂ-235ರ ಪಾಲು ಶೇಕಡಾ 0.7 ಮಾತ್ರವಾದ್ದರಿಂದ ರಿಯಾಕ್ಟರು ಗಾತ್ರದಲ್ಲಿ ದೊಡ್ಡದಾಗಲೇಬೇಕು. ಜಲಾಂತರ್ಗಾಮಿಯ ಇಕ್ಕಟ್ಟಿನಲ್ಲಿ ಅದು ಹಿಡಿಸದು. ಅಲ್ಲಿ 235ರ ಪಾಲನ್ನು ಹೆಚ್ಚಿಸಿದ ಇಂಧನ ಬೇಕು, ಅದನ್ನು ತಯಾರಿಸುವುದೇ ಈ ವಿದ್ಯೆಯ ಮೊದಲ ಅಡ್ಡಿ. ನಮ್ಮ ನೌಕಾಪಡೆಯವರು ಪರಮಾಣು ಜಲಾಂತರ್ಗಾಮಿಯನ್ನು ನಡೆಸಿ ಕಲಿತದ್ದು ಸೋವಿಯತ್ ಒಕ್ಕೂಟದಿಂದ ಗುತ್ತಿಗೆಗೆ ಪಡೆದ 'ಚಕ್ರ' ಎಂಬ ನೌಕೆಯಲ್ಲಿ, 1988ರ ಜನವರಿಯಿಂದ ಮೂರು ವರ್ಷ. ನಾವೇ ಕಟ್ಟಿದ ಅರಿಹಂತ್ ವಿಶಾಖಪಟ್ಟಣದಲ್ಲಿ ನೀರಿಗಿಳಿದದ್ದು 2009ರ ಜುಲೈ 26ರಂದು. ಅದರಲ್ಲಿರುವುದೂ ಒತ್ತಡದ ನೀರಿನ ರಿಯಾಕ್ಟರೇ.